ತಟ್ಟೆಯಲ್ಲಿ ಸತ್ತಿತು, ಕೆಚ್ಚಲಲ್ಲಿ ಉಳಿಯಿತು: ಮಂಡ್ಯದ ಒಂದು ಕೆಚ್ಚಲು ಬಾವಿನ ಪ್ರಕರಣ

ಕೊಟ್ಟ ಔಷಧಗಳಲ್ಲಿ ಮೂರಕ್ಕೆ ಈ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ಲ್ಯಾಬ್ ವರದಿ ಹೇಳುತ್ತಿತ್ತು. ಹಸು ಮಾತ್ರ ಮೂರು ಸಲ ಚಿಕಿತ್ಸೆ ಪಡೆದು ಮೂರು ಸಲವೂ ಮತ್ತೆ ಬಿದ್ದಿತ್ತು. ಈ ಪ್ರಕರಣವನ್ನು ಬರೆದಿಡುತ್ತಿರುವುದು ಆ ಒಂದು ತೊಡಕಿಗಾಗಿ. ಊರು, ಮನೆ, ಚಿಕಿತ್ಸೆ ಕೊಟ್ಟವರ ಗುರುತು ತೆಗೆದಿದೆ. ದಿನ, ಅಳತೆ, ಔಷಧದ ಪ್ರಮಾಣ ಇದ್ದ ಹಾಗೇ ಇದೆ.

ಮೂರು ಹಸು, ಒಂದು ಬಟ್ಟೆ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಅಚ್ಚುಕಟ್ಟಿನ ಊರು. ಭತ್ತ, ಕಬ್ಬಿನ ಜೊತೆಗೆ ಕೊಟ್ಟಿಗೆಯಲ್ಲಿ ಮೂರು ಹಸು: ಮೂರನೇ ಸೂಲಿನ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ (ಮುಂದೆ ‘ದೊಡ್ಡ ಹಸು’), ಮೊದಲ ಸೂಲಿನ ಇನ್ನೊಂದು ಮಿಶ್ರತಳಿ (‘ಸಣ್ಣ ಹಸು’), ಮತ್ತೊಂದು ನಾಟಿ. ದೊಡ್ಡ ಹಸುವಿನ ತೂಕ ಸುಮಾರು 420 ಕಿಲೊ, ಎರಡು ಹೊತ್ತು ಸೇರಿ 16 ಲೀಟರ್ ಹಾಲು. ಸಂಘದ ಸಾಲದ ಕಂತು, ಅಂಗಡಿ ಬಾಕಿ ಎಲ್ಲ ಡೇರಿಯ ಬಟವಾಡೆಯಲ್ಲೇ ತೀರುವ ಮನೆ. ಇದನ್ನು ಹೇಳಲು ಕಾರಣವಿದೆ. ಹಾಲು ಚೆಲ್ಲಿ ಎಂದು ಸಲಹೆ ಕೊಡುವವರು ಆ ಹಾಲಿನ ಲೆಕ್ಕ ಮೊದಲೇ ಎಲ್ಲೆಲ್ಲಿ ಬರೆದಾಗಿದೆ ಎನ್ನುವುದನ್ನೂ ತಿಳಿದಿರಬೇಕು.

ಕರೆಯುವುದು ಕೈಯಲ್ಲಿ. ಒಂದು ಬಕೆಟ್ ಬಿಸಿನೀರು, ಹಳೇ ಪಂಚೆಯ ಒಂದು ತುಂಡು. ಮೂರು ಹಸುಗಳ ಕೆಚ್ಚಲನ್ನೂ ಅದರಲ್ಲೇ ಒರೆಸಿ, ಒಂದೇ ಬಟ್ಟಲ ಎಣ್ಣೆಗೆ ಬೆರಳದ್ದಿ, ಹೆಬ್ಬೆರಳು ಮಡಚಿ ಮೊಲೆ ಎಳೆಯುವ ರೂಢಿ. ಮಡಚಿದ ಹೆಬ್ಬೆರಳಿನ ಗಿಣ್ಣು ಮೊಲೆಯ ಒಳಪದರವನ್ನು ದಿನಕ್ಕೆರಡು ಸಲ ಜಜ್ಜುತ್ತದೆ. ಬಟ್ಟೆ ಮತ್ತು ಎಣ್ಣೆ ಸೋಂಕನ್ನು ಒಂದು ಮೊಲೆಯಿಂದ ಇನ್ನೊಂದಕ್ಕೆ ದಾಟಿಸುತ್ತವೆ.

ಮೂರು ಸಲ ‘ವಾಸಿಯಾದ’ ರೋಗ

ಕರು ಹಾಕಿದ 40ನೇ ದಿನ ದೊಡ್ಡ ಹಸುವಿನ ಬಲ ಹಿಂದಿನ ಭಾಗ ಬಿಸಿಯಾಗಿ ಊದಿತು. ಹಾಲು ನೀರು ನೀರಾಗಿ, ಮೊದಲ ಹಿಂಡಿನಲ್ಲೇ ಗರಣೆ ಬಂತು. ಊರಿಗೆ ಬಂದು ಹೋಗುವ, ಪಶುವೈದ್ಯರಲ್ಲದ ಒಬ್ಬರು ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್‌ನ 3 ಗ್ರಾಂ ಸೂಜಿಯನ್ನು ಎರಡು ದಿನ ಹಾಕಿದರು. ಜೊತೆಗೆ ಊತ ಇಳಿಯಲು ಮೆಲಾಕ್ಸಿಕಾಮ್. ಮೂರನೇ ದಿನ ಹಾಲು ಬೆಳ್ಳಗಾಯಿತು, ಸೂಜಿ ನಿಂತಿತು.

19 ದಿನ ಕಳೆದು ಮತ್ತೆ ಅದೇ. ಈ ಸಲ ಎನ್ರೋಫ್ಲಾಕ್ಸಾಸಿನ್, ಮಿ.ಲೀ.ಗೆ 100 ಮಿ.ಗ್ರಾಂ ಇರುವ ದ್ರಾವಣ, ದಿನಕ್ಕೆ 15 ಮಿ.ಲೀ.ನಂತೆ ಮೂರು ದಿನ. ಕಿಲೊಗೆ 5 ಮಿ.ಗ್ರಾಂ ಲೆಕ್ಕದಲ್ಲಿ ಈ ಹಸುವಿಗೆ 21 ಮಿ.ಲೀ. ಬೇಕಿತ್ತು. ಕಣ್ಣಳತೆಯಲ್ಲಿ ಅದರ ತೂಕ 300 ಕಿಲೊ ಎಂದಾಗಿತ್ತು. ಎದೆಸುತ್ತಿಗೆ ಟೇಪ್ ಹಿಡಿದಿದ್ದರೆ ಎರಡೇ ನಿಮಿಷದಲ್ಲಿ ತಿಳಿಯುತ್ತಿತ್ತು. ಮತ್ತೆ ನಾಲ್ಕು ವಾರಕ್ಕೆ ಮೂರನೇ ಸಲ: ಸೆಫ್ಟ್ರಿಯಾಕ್ಸೋನ್ ಸೂಜಿ, ಜೊತೆಗೆ ಮೊಲೆಯೊಳಕ್ಕೆ ಏರಿಸುವ ಟ್ಯೂಬ್ (ಆಂಪಿಸಿಲಿನ್ 75 ಮಿ.ಗ್ರಾಂ, ಕ್ಲಾಕ್ಸಾಸಿಲಿನ್ 200 ಮಿ.ಗ್ರಾಂ) ದಿನಕ್ಕೊಂದರಂತೆ ಎರಡು.

ಪ್ರತಿ ಸಲವೂ ಚಿಕಿತ್ಸೆ ನಿಲ್ಲಿಸಿದ್ದು ಹಾಲಿನ ಬಣ್ಣ ನೋಡಿ. ಹಾಲು ಬೆಳ್ಳಗಾಯಿತು ಎಂದರೆ ಉರಿ ಇಳಿಯಿತು ಎಂದಷ್ಟೇ ಅರ್ಥ. ಊತವನ್ನು ಮೆಲಾಕ್ಸಿಕಾಮ್ ಒಂದೇ ಸಾಕಷ್ಟು ಇಳಿಸುತ್ತದೆ. ಕೋಟಿಗಟ್ಟಲೆ ಇದ್ದ ಬ್ಯಾಕ್ಟೀರಿಯಾ ಸಾವಿರಕ್ಕಿಳಿದರೂ ಹಾಲು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ.

ಹೆಪ್ಪಾಗದ ಹಾಲು

ನಾಲ್ಕನೇ ಸಲ ಬಾವು ಬಂದಾಗ, ಅಂದರೆ ಕೊನೆಯ ಟ್ಯೂಬಿನ 11ನೇ ದಿನ, ಮನೆಯವರು ತಾಲ್ಲೂಕಿನ ಪಶುವೈದ್ಯರನ್ನು ಕರೆಸಿದರು. ಪ್ರಕರಣ ತಿರುಗಿದ್ದು ಕೆಚ್ಚಲು ಮುಟ್ಟಿ ನೋಡಿದಾಗಲ್ಲ, ಮನೆಯಾಕೆ ಹೇಳಿದ ಒಂದು ಮಾತಿನಿಂದ. “ಟೂಬು ಹಾಕ್ಸಿದ್ ಮೇಲೆ ಆ ಮೊಲೆ ಹಾಲ್ನ ಡೇರಿಗೆ ಹಾಕೋದ್ ಬ್ಯಾಡ ಅಂತ ಮನೆಗೇ ಇಟ್ಕೊಂಡೆ ಸಾ. ಎಲ್ಡು ದಿನ ಮೊಸರು ಹೆಪ್ಪೇ ಆಗ್ಲಿಲ್ಲ. ಬೆಳಿಗ್ಗೆ ನೋಡುದ್ರೆ ಹಾಲು ಹಾಲಾಗೇ ಇರದು.”

ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಟ್ಯೂಬಿನಲ್ಲಿದ್ದ ಪೆನಿಸಿಲಿನ್ ಜಾತಿಯ ಔಷಧಕ್ಕೆ ಬಹಳ ಬೇಗ ಬಲಿಯಾಗುತ್ತವೆ. ಹಾಲು ಕಾಯಿಸಿದರೂ ಔಷಧ ಪೂರ್ತಿ ನಾಶವಾಗುವುದಿಲ್ಲ. ಟ್ಯೂಬ್ ಹಾಕಿದ ಮೊಲೆಯ ಹಾಲನ್ನು ಲೇಬಲ್ಲಿನ ಗಡುವು ಮುಗಿಯುವವರೆಗೆ ಮನೆಯವರೂ ಕುಡಿಯಬಾರದು. ಅದನ್ನು ಅಲ್ಲೇ ತಿಳಿಸಲಾಯಿತು. ಆದರೆ ವೈದ್ಯರ ಕಿವಿ ನೆಟ್ಟಗಾದದ್ದು ಬೇರೆ ಕಾರಣಕ್ಕೆ. ಹೆಪ್ಪನ್ನು ಕೊಲ್ಲುವಷ್ಟು ಔಷಧ ಎರಡು ದಿನ ಹಾಲಿನಲ್ಲಿತ್ತು. ಔಷಧ ಅಲ್ಲಿಗೆ ತಲುಪಲಿಲ್ಲ ಎನ್ನುವ ಹಾಗಿಲ್ಲ. ಹಾಗಿದ್ದರೆ ಬ್ಯಾಕ್ಟೀರಿಯಾ ಔಷಧವನ್ನು ಮುರಿಯುತ್ತಿರಬೇಕು, ಇಲ್ಲವೇ ಔಷಧ ಸಿಗದ ಕಡೆ ಕೂತಿರಬೇಕು. ಈ ಎರಡಕ್ಕೆ ಮಾಡುವ ಚಿಕಿತ್ಸೆ ಒಂದೇ ಅಲ್ಲ. ಯಾವುದೆಂದು ತಿಳಿಯುವವರೆಗೆ ಹೊಸ ಆಂಟಿಬಯೋಟಿಕ್ ಬೇಡ ಎಂಬುದು ಅವರ ಮೊದಲ ನಿರ್ಧಾರ. ಹಸುವಿಗೆ ಜ್ವರವಿರಲಿಲ್ಲ, ಮೇವು ಬಿಟ್ಟಿರಲಿಲ್ಲ. ಹಾಗಾಗಿ ಕಾಯಲು ಅವಕಾಶವಿತ್ತು. ಜ್ವರ ಏರಿ, ಕಿವಿ ತಣ್ಣಗಾಗಿ ಮಲಗಿದ ಹಸುವಾಗಿದ್ದರೆ ಇಷ್ಟು ಸಾವಧಾನಕ್ಕೆ ಜಾಗವಿರಲಿಲ್ಲ.

ಎರಡು ಸ್ಯಾಂಪಲ್

ಇದಕ್ಕೂ ಮುಂಚೆ ಒಂದು ಸ್ಯಾಂಪಲ್ ಹೋಗಿತ್ತು. ಕೊನೆಯ ಟ್ಯೂಬ್ ಆದ ಎರಡನೇ ದಿನ, ತೊಳೆದ ಕೆಮ್ಮಿನ ಔಷಧಿ ಬಾಟಲಿಯಲ್ಲಿ. ‘ಬೆಳವಣಿಗೆ ಇಲ್ಲ’ ಎಂದು ವರದಿ ಬಂದಿತ್ತು. ಕ್ರಿಮಿ ಇಲ್ಲವಂತೆ ಎಂದು ಮನೆಯಲ್ಲಿ ಸಮಾಧಾನ. ಹಾಲಿನಲ್ಲಿದ್ದ ಔಷಧ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೂ ಕೆಲಸ ಮಾಡಿತ್ತು, ಅಷ್ಟೆ.

ಈ ಸಲ ಕೊನೆಯ ಔಷಧದಿಂದ 12 ದಿನ ಕಳೆದ ಮೇಲೆ ತೆಗೆಯಲಾಯಿತು. ಮೊಲೆ ತೊಳೆದು, ನೀರು ಒಂದು ತೊಟ್ಟೂ ಇಳಿಯದಂತೆ ಒರೆಸಿ, ಮೊದಲ ಮೂರು ನಾಲ್ಕು ಹಿಂಡನ್ನು ಬೇರೆ ಮಗ್ಗಿಗೆ ಬಿಟ್ಟು, 70 ಶೇಕಡಾ ಸ್ಪಿರಿಟ್ ಹತ್ತಿಯಿಂದ ಮೊಲೆಯ ತುದಿಯನ್ನು ಉಜ್ಜಿ ಅರ್ಧ ನಿಮಿಷ ಆರಲು ಬಿಟ್ಟರು. ಕ್ರಿಮಿಶುದ್ಧ ಟ್ಯೂಬನ್ನು ನೆಟ್ಟಗೆ ಹಿಡಿಯದೆ ಓರೆಯಾಗಿ ಹಿಡಿದು 5 ಮಿ.ಲೀ. ಹಿಂಡಿದರು, ನೆಟ್ಟಗೆ ಹಿಡಿದರೆ ಕೆಚ್ಚಲ ಧೂಳು, ಕೂದಲು ಒಳಗೆ ಬೀಳುತ್ತವೆ. ಐಸ್ ಡಬ್ಬಿಯಲ್ಲಿ ಅದೇ ದಿನ ಲ್ಯಾಬಿಗೆ ಹೋಯಿತು. ದಿನ ಬಿಟ್ಟು ದಿನ ಒಟ್ಟು ಮೂರು ಸ್ಯಾಂಪಲ್. ಎರಡರಲ್ಲಿ ಬೆಳೆಯಿತು, ನಡುವಿನದರಲ್ಲಿ ಇಲ್ಲ. ಬೆಳೆದದ್ದು ಸ್ಟಫೈಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ. ಅದು ಹೀಗೆಯೇ: ಇರುವಾಗಲೂ ದಿನವೂ ಹಾಲಿಗೆ ಇಳಿಯುವುದಿಲ್ಲ. ಒಂದೇ ಸ್ಯಾಂಪಲ್ ನಂಬಿದ್ದರೆ, ಆ ನಡುವಿನ ದಿನದ್ದೇ ಆಗಿದ್ದರೆ, ಕಥೆ ಅಲ್ಲಿಗೇ ತಪ್ಪುತ್ತಿತ್ತು.

ಅದೇ ದಿನ ಮೂರೂ ಹಸುಗಳಿಗೆ ಸಿ.ಎಂ.ಟಿ. (ಹಾಲಿನಲ್ಲಿ ಬಿಳಿ ರಕ್ತಕಣ ಹೆಚ್ಚಾಗಿದೆಯೇ ಎಂದು ತೋರಿಸುವ ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಪರೀಕ್ಷೆ) ಮಾಡಿದ್ದು ಇನ್ನೊಂದು ತಿರುವು. ನಾಲ್ಕು ಬಟ್ಟಲ ತಟ್ಟೆ, ಪ್ರತಿ ಮೊಲೆಯಿಂದ 2 ಮಿ.ಲೀ. ಹಾಲು, ಅಷ್ಟೇ ದ್ರಾವಣ, ಹತ್ತು ಸೆಕೆಂಡು ತಿರುಗಿಸುವುದು. ದೊಡ್ಡ ಹಸುವಿನ ಬಲ ಹಿಂದಿನದು ಮೊಟ್ಟೆಯ ಬಿಳಿಭಾಗದಂತೆ ಗಟ್ಟಿಯಾಗಿ ನಡುವೆ ಗುಡ್ಡೆ ಕಟ್ಟಿತು. ಅದು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಸಿಕ್ಕಿದ್ದು ಸಣ್ಣ ಹಸುವಿನ ಎಡ ಮುಂದಿನ ಮೊಲೆ: ಹಾಲು ಬೆಳ್ಳಗಿದೆ, ಊತವಿಲ್ಲ, ಆದರೆ ಬಟ್ಟಲ ತಳದಲ್ಲಿ ತೆಳುವಾಗಿ ಲೋಳೆ. ಅದರ ಸ್ಯಾಂಪಲ್ಲೂ ಹೋಯಿತು.

ತಟ್ಟೆಯ ಮೇಲೆ ಕಂಡ ಅಂಚು

ಎರಡೂ ಹಸುಗಳಲ್ಲಿ ಸ್ಟಫೈಲೊಕಾಕಸ್ ಔರಿಯಸ್, ಅದನ್ನು ಗುರುತಿಸುವ ಕೋಯಾಗುಲೇಸ್ ಪರೀಕ್ಷೆ ಪಾಸಿಟಿವ್. ಔಷಧದ ಬಿಲ್ಲೆ ಇಟ್ಟ ಪರೀಕ್ಷೆಯೂ ಹೆಚ್ಚು ಕಡಿಮೆ ಒಂದೇ. ದೊಡ್ಡ ಹಸುವಿನದು ಹೀಗಿತ್ತು: ಪೆನಿಸಿಲಿನ್ 10 ಯೂನಿಟ್ ಸುತ್ತ 22 ಮಿ.ಮೀ. ಬಯಲು (ಬ್ಯಾಕ್ಟೀರಿಯಾ ಬೆಳೆಯದ ಜಾಗ), ಟೆಟ್ರಾಸೈಕ್ಲಿನ್ 10 ಮಿ.ಮೀ., ಸೆಫಾಕ್ಸಿಟಿನ್ 27 ಮಿ.ಮೀ., ಎನ್ರೋಫ್ಲಾಕ್ಸಾಸಿನ್ 27 ಮಿ.ಮೀ.

ಪೆನಿಸಿಲಿನ್‌ಗೆ ಬಗ್ಗುತ್ತದೆ ಎನ್ನಲು 29 ಮಿ.ಮೀ. ಅಥವಾ ಹೆಚ್ಚು ಬೇಕು. 22 ಎಂದರೆ ನಿರೋಧ. ಹೆಚ್ಚಿನ ವರದಿಗಳು ಇಷ್ಟು ಬರೆದು ಮುಗಿಸುತ್ತವೆ. ಇಲ್ಲಿ ಲ್ಯಾಬಿನವರು ಬಯಲಿನ ಅಂಚನ್ನೂ ನೋಡಿ ಬರೆದರು, ಒಳ್ಳೆಯ ಕೆಲಸ. ಔಷಧ ದೂರ ಹೋದಂತೆ ಬೆಳೆ ನಿಧಾನಕ್ಕೆ ದಟ್ಟವಾಗುತ್ತ ಬಂದರೆ ಅಂಚು ಕೆರೆದಂಡೆಯ ಇಳಿಜಾರಿನಂತೆ ಮಸುಕಾಗಿರುತ್ತದೆ. ಇಲ್ಲಿ ಗದ್ದೆ ಬದು ಕಡಿದಂತೆ ಚೂಪಾಗಿತ್ತು. ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಬ್ಯಾಕ್ಟೀರಿಯಾ ತಯಾರಿಸುತ್ತಿದೆ ಎಂಬುದಕ್ಕೆ ಇದು ಗುರುತು. ಪೆನಿಸಿಲಿನ್ ಅಣುವಿನ ನಡುವೆ ನಾಲ್ಕು ಮೂಲೆಯ ಒಂದು ಉಂಗುರವಿದೆ, ಕೆಲಸ ಮಾಡುವುದು ಅದೇ. ಈ ಕಿಣ್ವ ಆ ಉಂಗುರಕ್ಕೆ ನೀರು ಸೇರಿಸಿ ಒಡೆಯುತ್ತದೆ. ಸ್ಟಫೈಲೊಕಾಕಸ್ ಇದನ್ನು ಸದಾ ತಯಾರಿಸಿ ಇಟ್ಟುಕೊಳ್ಳುವುದಿಲ್ಲ. ಔಷಧದ ಸುಳಿವು ಕೋಶದ ಪೊರೆಗೆ ತಾಗಿದಾಗ ಉತ್ಪಾದನೆ ಏರಿಸುತ್ತದೆ. ಅಂಚಿನಲ್ಲಿದ್ದವು ಕಿಣ್ವ ತಯಾರಿಸಿ ಔಷಧವನ್ನು ಮುರಿದು ದಟ್ಟವಾಗಿ ಬೆಳೆದವು. ಹೊಸ ಜಾಣತನವೇನಲ್ಲ ಇದು: ಇಂಥ ಕಿಣ್ವವನ್ನು ವಿಜ್ಞಾನಿಗಳಾದ ಅಬ್ರಹಾಂ ಮತ್ತು ಚೈನ್ 1940ರಲ್ಲೇ, ಪೆನಿಸಿಲಿನ್ ಇನ್ನೂ ರೋಗಿಗಳ ಮೈ ಸೇರುವ ಮೊದಲೇ, ವರದಿ ಮಾಡಿದ್ದರು.

ಟ್ಯೂಬಿನಲ್ಲಿದ್ದ ಆಂಪಿಸಿಲಿನ್ ಕೂಡ ಈ ಕಿಣ್ವಕ್ಕೆ ಸುಲಭದ ತುತ್ತು. ಜೊತೆಗಿದ್ದ ಕ್ಲಾಕ್ಸಾಸಿಲಿನ್ ಹಾಗಲ್ಲ. ಅದರ ಪಕ್ಕದಲ್ಲಿರುವ ದಪ್ಪ ರಚನೆಯಿಂದಾಗಿ ಕಿಣ್ವಕ್ಕೆ ಉಂಗುರ ಸರಿಯಾಗಿ ಸಿಕ್ಕುವುದಿಲ್ಲ. ಟೆಟ್ರಾಸೈಕ್ಲಿನ್‌ಗೆ ಈ ಬ್ಯಾಕ್ಟೀರಿಯಾ ಜಾತಿ ಸಾಮಾನ್ಯವಾಗಿ ಬಳಸುವ ಉಪಾಯ ಪಂಪು: ಒಳಬಂದ ಔಷಧವನ್ನು ಪೊರೆಯಲ್ಲಿರುವ ಪ್ರೋಟೀನು ಹೊರಕ್ಕೆ ಎತ್ತಿ ಹಾಕುತ್ತದೆ. ಇಂಥ ಗುಣಗಳ ಜೀನ್‌ಗಳು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಬಳೆಯ ಮೇಲೆ ಕೂತು ಒಂದರಿಂದ ಇನ್ನೊಂದಕ್ಕೆ ದಾಟಬಲ್ಲವು. ಹಾಗಾಗಿ ಈ ಹಸುವಿಗೆ ಟೆಟ್ರಾಸೈಕ್ಲಿನ್ ಕೊಟ್ಟಿರದಿದ್ದರೂ ಅದರ ನಿರೋಧ ಸಿಕ್ಕಿದ್ದು ಆಶ್ಚರ್ಯವಲ್ಲ.

ಎಲ್ಲರೂ ಉಸಿರು ಬಿಟ್ಟದ್ದು ಸೆಫಾಕ್ಸಿಟಿನ್ ಅಂಕಿಗೆ. ಅದು 21 ಅಥವಾ ಕಡಿಮೆ ಇದ್ದಿದ್ದರೆ ಎಂ.ಆರ್.ಎಸ್.ಎ. (ಮೆಥಿಸಿಲಿನ್ ನಿರೋಧಕ ಸ್ಟಫೈಲೊಕಾಕಸ್ ಔರಿಯಸ್) ಎಂದಾಗುತ್ತಿತ್ತು. ಅದರಲ್ಲಿ ಬ್ಯಾಕ್ಟೀರಿಯಾ ಔಷಧವನ್ನು ಮುರಿಯುವುದಿಲ್ಲ, ಔಷಧ ಹಿಡಿಯುವ ಪ್ರೋಟೀನನ್ನೇ ಬದಲಿಸಿಕೊಂಡಿರುತ್ತದೆ. ಆಗ ಕ್ಲಾಕ್ಸಾಸಿಲಿನ್, ಸೆಫ್ಟ್ರಿಯಾಕ್ಸೋನ್ ಎರಡೂ ವ್ಯರ್ಥ. ಕರೆಯುವವರ ಕೈಗೂ ಅದು ಹತ್ತಬಹುದು.

ಹಾಗಾದರೆ ಸಾಯಲಿಲ್ಲವೇಕೆ

ಸೆಫ್ಟ್ರಿಯಾಕ್ಸೋನ್, ಎನ್ರೋಫ್ಲಾಕ್ಸಾಸಿನ್, ಕ್ಲಾಕ್ಸಾಸಿಲಿನ್ ಮೂರಕ್ಕೂ ತಟ್ಟೆಯ ಮೇಲೆ ಇದು ಬಗ್ಗುವಂಥದ್ದೇ. ಮೂರನ್ನೂ ಕೊಟ್ಟಾಗಿತ್ತು. ಇಲ್ಲಿಂದ ಮುಂದೆ ನಿರೋಧದ ಜೀನ್ ಹುಡುಕುವುದು ದಾರಿ ತಪ್ಪಿದಂತೆ. ಬ್ಯಾಕ್ಟೀರಿಯಾಕ್ಕೆ ಔಷಧವನ್ನು ಎದುರಿಸದೆ ಬದುಕುವ ದಾರಿಯೂ ಇದೆ.

ಮೊದಲನೆಯದು ಜಾಗ. ವೈದ್ಯರು ಕರೆದಾದ ಮೇಲೆ ಖಾಲಿ ಕೆಚ್ಚಲನ್ನು ಹಿಸುಕಿ ನೋಡಿದಾಗ ಬಲ ಹಿಂದಿನ ಭಾಗದ ಒಳಗೆ, ಮೇಲ್ಗಡೆ, ನಿಂಬೆಹಣ್ಣಿನ ಗಾತ್ರದ ಗಟ್ಟಿ ಗಂಟು ಸಿಕ್ಕಿತು. ಹಾಲು ತುಂಬಿದ್ದಾಗ ನೋಡಿದರೆ ಇದು ಕೈಗೆ ಸಿಗುವುದಿಲ್ಲ. ಸಣ್ಣ ಕೀವಿನ ಕೋಣೆಗಳ ಸುತ್ತ ದೇಹವೇ ನಾರಿನ ಗೋಡೆ ಕಟ್ಟಿತ್ತು. ಒಳಗೆ ರಕ್ತ ಹೋಗದು, ಹಾಲಿನ ನಾಳ ಗರಣೆಯಿಂದ ಮುಚ್ಚಿದೆ. ಸೂಜಿಯ ಔಷಧವೂ ಟ್ಯೂಬಿನ ಔಷಧವೂ ಬಾಗಿಲವರೆಗೆ ಬಂದು ನಿಲ್ಲುತ್ತವೆ. ಅದೂ ಅಲ್ಲದೆ ಸೆಫ್ಟ್ರಿಯಾಕ್ಸೋನ್‌ನಂಥ ಆಮ್ಲಗುಣದ ಔಷಧ ರಕ್ತದಿಂದ ಹಾಲಿಗೆ ಇಳಿಯುವುದೇ ಕಡಿಮೆ.

ಎರಡನೆಯದು ಜೀವಕೋಶದ ಒಳಗೆ ಹೊಕ್ಕು ಕೂರುವುದು. ತನ್ನನ್ನು ನುಂಗಿದ ಬಿಳಿ ರಕ್ತಕಣದೊಳಗೇ ಸ್ಟಫೈಲೊಕಾಕಸ್ ಬದುಕಬಲ್ಲದು. ಬೀಟಾ-ಲ್ಯಾಕ್ಟಮ್ ಔಷಧಗಳು (ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್ ಜಾತಿಯವು) ಕೋಶದೊಳಕ್ಕೆ ಸರಿಯಾಗಿ ಹೋಗುವುದಿಲ್ಲ. ಎನ್ರೋಫ್ಲಾಕ್ಸಾಸಿನ್ ಹೋಗುತ್ತದೆ, ಆದರೆ ಒಳಗಿನ ಹುಳಿ ವಾತಾವರಣದಲ್ಲಿ ಅದರ ಕಸುವು ತಗ್ಗುತ್ತದೆ. 15 ಮಿ.ಲೀ. ಎಂಬ ಕಡಿಮೆ ಡೋಸಿಗೆ ಪೆಟ್ಟು ಬಿದ್ದದ್ದು ಇಲ್ಲೇ.

ಮೂರನೆಯದು ಬಯೋಫಿಲ್ಮ್. ನಾಳದ ಗೋಡೆಗೆ ಅಂಟಿ, ಮೇಲೆ ಸಕ್ಕರೆ-ಪ್ರೋಟೀನಿನ ಲೋಳೆ ಹೊದ್ದು ಗುಂಪಾಗಿ ಕೂರುತ್ತವೆ. ತಳದಲ್ಲಿರುವವಕ್ಕೆ ಆಹಾರ, ಆಮ್ಲಜನಕ ಕಡಿಮೆ. ಅವು ಬೆಳೆಯುವುದನ್ನೇ ನಿಲ್ಲಿಸುತ್ತವೆ. ಪೆನಿಸಿಲಿನ್ ಜಾತಿಯ ಔಷಧಗಳು ಕೊಲ್ಲುವುದು ಕೋಶಗೋಡೆ ಕಟ್ಟುವ ಕೆಲಸವನ್ನು ಕೆಡಿಸಿ. ಗೋಡೆ ಕಟ್ಟುತ್ತಿರುವ ಗಾರೆಯವನ ಕೈ ಹಿಡಿದರೆ ಗೋಡೆ ಬೀಳುತ್ತದೆ. ಕೆಲಸ ನಿಲ್ಲಿಸಿ ಮಲಗಿದವನ ಕೈ ಹಿಡಿದು ಏನು ಪ್ರಯೋಜನ? ಹೀಗೆ ಮಲಗಿ ಉಳಿಯುವ ಬ್ಯಾಕ್ಟೀರಿಯಾಗಳನ್ನು 1944ರಲ್ಲಿ ವಿಜ್ಞಾನಿ ಜೋಸೆಫ್ ಬಿಗ್ಗರ್ ಪೆನಿಸಿಲಿನ್ ಮತ್ತು ಸ್ಟಫೈಲೊಕಾಕಸ್‌ನಲ್ಲೇ ಗುರುತಿಸಿದ್ದರು, ಸುಮಾರು ಹತ್ತು ಲಕ್ಷಕ್ಕೊಂದು. ಉಳಿದವನ್ನು ಮತ್ತೆ ಬೆಳೆಸಿದರೆ ಅವು ಪೆನಿಸಿಲಿನ್‌ಗೆ ಮೊದಲಿನಷ್ಟೇ ಬಗ್ಗುತ್ತಿದ್ದವು. ಅಂದರೆ ಅವು ಬದಲಾಗಿರಲಿಲ್ಲ, ಮಲಗಿದ್ದವು.

ಈ ಹಸುವಿನಲ್ಲಿ ಎರಡು ಮೂರು ದಿನದ ಪ್ರತಿ ಚಿಕಿತ್ಸೆಯೂ ಹಾಲಿನಲ್ಲಿ ಓಡಾಡುತ್ತಿದ್ದವನ್ನು ಕೊಂದಿತು. ಗಂಟಿನೊಳಗಿನವು ಹಾಗೇ ಉಳಿದವು. 19 ದಿನ, ನಾಲ್ಕು ವಾರ, 11 ದಿನ: ಇವು ಉಳಿದವು ಎದ್ದು ಮತ್ತೆ ಸಂಸಾರ ಹೂಡಲು ಹಿಡಿದ ಕಾಲ. ತಟ್ಟೆಯ ಪರೀಕ್ಷೆಗೆ ಇದು ಕಾಣುವುದೇ ಇಲ್ಲ. ಅಲ್ಲಿ ಬ್ಯಾಕ್ಟೀರಿಯಾಗಳು ಹೊಟ್ಟೆ ತುಂಬ ಊಟದ ಮೇಲೆ, ಒಂಟಿಯಾಗಿ, ಬಿರುಸಾಗಿ ಬೆಳೆಯುತ್ತಿರುತ್ತವೆ.

ಎರಡು ಹಸು, ಎರಡು ನಿರ್ಧಾರ

ಒಂದೇ ವರದಿ ಕೈಯಲ್ಲಿಟ್ಟುಕೊಂಡು ಎರಡು ಹಸುಗಳಿಗೆ ಬೇರೆ ಬೇರೆ ತೀರ್ಮಾನವಾಯಿತು.

ಸಣ್ಣ ಹಸುವಿಗೆ ಚಿಕಿತ್ಸೆ. ಎಳೆ ವಯಸ್ಸು, ಒಂದೇ ಮೊಲೆ, ಮುಂದಿನದು, ಗಂಟಿಲ್ಲ, ಸೋಂಕು ಹೊಸದು. ಅದೇ ಆಂಪಿಸಿಲಿನ್-ಕ್ಲಾಕ್ಸಾಸಿಲಿನ್ ಟ್ಯೂಬ್, ಆದರೆ 12 ತಾಸಿಗೊಂದರಂತೆ ಐದು ದಿನ, ಒಟ್ಟು ಹತ್ತು. ನಿಜವಾಗಿ ಕೆಲಸ ಮಾಡುವುದು ಕ್ಲಾಕ್ಸಾಸಿಲಿನ್ ಎಂದು ಗೊತ್ತಿದ್ದೇ ಇದನ್ನು ಆರಿಸಿದ್ದು. ಪ್ರತಿ ಸಲ ಪೂರ್ತಿ ಕರೆದು, ತುದಿಗೆ ಸ್ಪಿರಿಟ್ ಉಜ್ಜಿ, ಮೂತಿಯನ್ನು 3 ಮಿ.ಮೀ.ನಷ್ಟು ಮಾತ್ರ ಒಳಗಿಟ್ಟು ಏರಿಸುವುದು. ಪೂರ್ತಿ ತೂರಿಸಿದರೆ ತುದಿಯ ಕೊಳೆ ಒಳಗೆ ಹೋಗುತ್ತದೆ, ಮೊಲೆಯ ದ್ವಾರ ಹಿಗ್ಗುತ್ತದೆ. ಆ ಹಾಲೆಲ್ಲ ಗುಂಡಿಗೆ. ಲೇಬಲ್ಲಿಗಿಂತ ಹೆಚ್ಚು ದಿನ ಕೊಟ್ಟಿದ್ದರಿಂದ ಗಡುವನ್ನೂ ವೈದ್ಯರು ಹೆಚ್ಚಿಸಿದರು. ಎರಡನೇ ದಿನಕ್ಕೇ “ಹಾಲು ಚೆನ್ನಾಗೈತಲ್ಲ, ಇನ್ಯಾಕೆ?” ಎಂದು ಯಜಮಾನರು ಕೇಳಿದರು. ಕಳೆದ ಮೂರು ಸಲವೂ ಚೆನ್ನಾಗೇ ಇತ್ತಲ್ಲ ಎಂದಾಗ ಸುಮ್ಮನಾದರು.

ದೊಡ್ಡ ಹಸುವಿಗೆ ಕರೆಯುವ ಕಾಲದಲ್ಲಿ ಇನ್ನು ಆಂಟಿಬಯೋಟಿಕ್ ಇಲ್ಲ. ಮಾರಿಬಿಡುವುದೇ ಎಂಬ ಮಾತೂ ಬಂತು. ಅದು ಆಗಲೇ ಗಬ್ಬವಾಗಿತ್ತು, ಉಳಿದ ಮೂರು ಮೊಲೆ ಶುದ್ಧ. ಸಂತೆಯಲ್ಲಿ ಮಾರಿದರೆ ರೋಗ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ. ಹಾಗಾಗಿ ಬತ್ತಿಸುವವರೆಗೆ ಕಾಯ್ದು, ಕೊನೆಯ ಕರೆತದ ದಿನ ನಾಲ್ಕೂ ಮೊಲೆಗೆ ಬತ್ತಿದ ಕಾಲದ ಟ್ಯೂಬ್ (ಬೆಂಜಾಥಿನ್ ಕ್ಲಾಕ್ಸಾಸಿಲಿನ್ 500 ಮಿ.ಗ್ರಾಂ) ಏರಿಸಲು ತೀರ್ಮಾನ. ದಿನಕ್ಕೆರಡು ಸಲ ಹಿಂಡಿ ಹೋಗದ ಕಾಲ, ವಾರಗಟ್ಟಲೆ ನಿಲ್ಲುವ ಔಷಧ. ಟ್ಯೂಬ್ ತಾಲ್ಲೂಕಿನಲ್ಲಿ ಸಿಗದೆ ಮೈಸೂರಿನಿಂದ ತರಿಸಬೇಕಾಯಿತು.

ಕೊಟ್ಟಿಗೆಯಲ್ಲಿ ಬದಲಾದದ್ದು ಇದಕ್ಕಿಂತ ಮುಖ್ಯ ಎಂದೇ ಹೇಳಬೇಕು. ಕರೆಯುವ ಸರದಿ: ಮೊದಲು ಸಣ್ಣ ಹಸು (ಅದರ ಚಿಕಿತ್ಸೆ ಮುಗಿದ ಮೇಲೆ), ಆಮೇಲೆ ನಾಟಿ, ಕೊನೆಗೆ ದೊಡ್ಡದು. ಅದರಲ್ಲೂ ಬಲ ಹಿಂದಿನ ಮೊಲೆ ಎಲ್ಲಕ್ಕಿಂತ ಕೊನೆ. ಹಸುವಿಗೊಂದು ಬಟ್ಟೆ, ದಿನವೂ ಕುದಿಸುವುದು. ಎಣ್ಣೆ ಬಟ್ಟಲು ಹೋಯಿತು. ಕರೆದ ಕೂಡಲೇ ಪ್ರತಿ ಮೊಲೆಯನ್ನು 0.5 ಶೇಕಡಾ ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸುವುದು. ಕರೆದಾಗ ತೆರೆದ ಮೊಲೆಯ ದ್ವಾರ ಮುಚ್ಚುವ ಮೊದಲು ಹಸು ಸಗಣಿಯ ಮೇಲೆ ಮಲಗಬಾರದು. ರೋಗದ ಹಾಲನ್ನು ನೆಲಕ್ಕೆ ಹಿಂಡುವುದೂ ಹೆಣ್ಣು ಕರುವಿಗೆ ಕುಡಿಸುವುದೂ ನಿಂತವು. ಆ ಹಾಲಿನಲ್ಲಿ ಬ್ಯಾಕ್ಟೀರಿಯಾ ಒಂದೇ ಅಲ್ಲ, ಕರುವಿನ ಹೊಟ್ಟೆಯಲ್ಲಿ ನಿರೋಧಿಗಳನ್ನು ಆರಿಸಿ ಉಳಿಸುವಷ್ಟು ಔಷಧವೂ ಇರುತ್ತಿತ್ತು.

ಈ ನಡುವೆ ಮನೆಯವರು ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ಹಚ್ಚುತ್ತಿದ್ದರು. ಊತಕ್ಕೆ ಹಿತವಾಯಿತು ಎಂದರು, ಸಿ.ಎಂ.ಟಿ. ಬದಲಾಗಲಿಲ್ಲ. ಹಚ್ಚಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಸಣ್ಣ ಹಸುವನ್ನು ಮುಟ್ಟಬೇಡಿ ಎಂದಷ್ಟೇ ಹೇಳಲಾಯಿತು.

ಆದದ್ದು

ಸಣ್ಣ ಹಸುವಿನ ಎಡ ಮುಂದಿನ ಮೊಲೆಯಿಂದ ಚಿಕಿತ್ಸೆ ಮುಗಿದ ಎರಡು, ಮೂರು, ನಾಲ್ಕನೇ ವಾರ ತೆಗೆದ ಮೂರೂ ಸ್ಯಾಂಪಲ್‌ಗಳಲ್ಲಿ ಸ್ಟಫೈಲೊಕಾಕಸ್ ಬರಲಿಲ್ಲ, ಸಿ.ಎಂ.ಟಿ. ತಿಳಿಯಾಯಿತು. ನಾಟಿ ಹಸುವಿಗೆ ಹತ್ತಲಿಲ್ಲ.

ದೊಡ್ಡ ಹಸು ಬತ್ತಿ, ಕರು ಹಾಕಿತು. ಮೊದಲ ಎರಡು ವಾರ ಬಲ ಹಿಂದಿನ ಮೊಲೆಯ ಹಾಲು ಚೆನ್ನಾಗಿತ್ತು. 26ನೇ ದಿನ ಸಿ.ಎಂ.ಟಿ. ಮತ್ತೆ ಗಟ್ಟಿಯಾಯಿತು. ಗಂಟು ಸ್ವಲ್ಪ ಚಿಕ್ಕದಾಗಿತ್ತು, ಹೋಗಿರಲಿಲ್ಲ. ಈ ಸಲ ಯಾರೂ ಸೂಜಿಯ ಮಾತೆತ್ತಲಿಲ್ಲ. ಆ ಮೊಲೆಯನ್ನು ಕರೆಯುವುದನ್ನೇ ನಿಲ್ಲಿಸಿ ಶಾಶ್ವತವಾಗಿ ಬತ್ತಿಸಿದರು. ಮೂರು ಮೊಲೆಯಲ್ಲಿ ಈಗ ದಿನಕ್ಕೆ 13 ಲೀಟರ್.

ಆ ಮೊಲೆಯನ್ನು ಬತ್ತಿಸುವ ಮುಂಚೆ ತೆಗೆದ ಕೊನೆಯ ಸ್ಯಾಂಪಲ್ಲಿನ ವರದಿ ಕಡತದಲ್ಲಿದೆ: ಪೆನಿಸಿಲಿನ್ 22 ಮಿ.ಮೀ., ಅಂಚು ಚೂಪು. ಸೆಫಾಕ್ಸಿಟಿನ್ 27. ಎನ್ರೋಫ್ಲಾಕ್ಸಾಸಿನ್ 26. ಹಿಂದಿನ ವರದಿಗೂ ಇದಕ್ಕೂ ಹೆಚ್ಚೆಂದರೆ ಒಂದು ಮಿ.ಮೀ. ವ್ಯತ್ಯಾಸ.